ಕೊಕ್ಕರೆ ರೋಗಕ್ಕೆ ಇನ್ನೂ ಉತ್ತಮ ಲಸಿಕೆಯನ್ನು ರೂಪಿಸುವ ಬಗೆ

ಹಳ್ಳಿಯ ಮನೆಗಳಲ್ಲಿ ಕೊಕ್ಕರೆ ರೋಗ ಎಂದೂ ಪಶುವೈದ್ಯರ ನಡುವೆ ರಾಣಿಖೇತ್ ರೋಗ ಎಂದೂ ಕರೆಯುವ, ವೈರಸ್ಸಿನಿಂದ ಬರುವ ಕೋಳಿಗಳ ಕಾಯಿಲೆಗೆ ಎಂಟು ದಶಕಗಳಿಂದ ಲಸಿಕೆಗಳಿವೆ. 1926ರಲ್ಲಿ ಜಾವಾ ದ್ವೀಪದಲ್ಲಿಯೂ ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿಯೂ ಗುರುತಿಸಲಾದ ಈ ರೋಗವು ಒಂದೆರಡು ವರ್ಷಗಳಲ್ಲೇ ಕುಮಾವೂನ್ ಬೆಟ್ಟಗಳ ರಾಣಿಖೇತಿನಲ್ಲಿ ಕಾಣಿಸಿಕೊಂಡು ಭಾರತದಲ್ಲಿ ಆ ಊರಿನ ಹೆಸರನ್ನೇ ಪಡೆಯಿತು. ಅದೇ ಕುಮಾವೂನಿನ ಮುಕ್ತೇಶ್ವರದಲ್ಲಿ 1940ರ ದಶಕದಲ್ಲಿ ವೈರಸ್ಸನ್ನು ಕೋಳಿಯ ಭ್ರೂಣಗಳಲ್ಲಿ ಮತ್ತೆ ಮತ್ತೆ ಬೆಳೆಸಿ ಸೌಮ್ಯಗೊಳಿಸಿದ ತಳಿಯೇ ನಮ್ಮಲ್ಲಿ ಇಂದಿಗೂ ಬಳಕೆಯಲ್ಲಿರುವ ಆರ್2ಬಿ. ಅಮೆರಿಕದ ನ್ಯೂಜೆರ್ಸಿಯ ಕೋಳಿ ಫಾರಂ ಒಂದರಲ್ಲಿ 1946ರಲ್ಲಿ ದೊರೆತ ಲಸೋಟಾ ತಳಿಯು ಜಗತ್ತಿನ ಬಹುಪಾಲು ಕೋಳಿಗಳ ಗಂಟಲಿಗೆ ಇಳಿದಿದೆ. ಇಷ್ಟಿದ್ದರೂ ಲಸಿಕೆ ಹಾಕಿಸಿದ ಹಿಂಡುಗಳಲ್ಲಿ ರೋಗ ಏಳುತ್ತದೆ. ಲಸಿಕೆಯೇ ತಲುಪದ ಹಿತ್ತಲಿನ ಕೋಳಿಗಳು ಒಂದೇ ವಾರದಲ್ಲಿ ಗೂಡು ಖಾಲಿಯಾಗುವಂತೆ ಸಾಯುತ್ತವೆ.

ಈ ಬರಹವನ್ನು ಲಸಿಕೆ ಸಂಶೋಧನೆಗೆ ಇಳಿಯಲಿರುವ ಪಶುವೈದ್ಯ ವಿದ್ಯಾರ್ಥಿಗಳನ್ನೂ ಕಿರಿಯ ವಿಜ್ಞಾನಿಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ನನ್ನ ದೃಢವಾದ ಅಭಿಪ್ರಾಯವನ್ನು ಮೊದಲೇ ಹೇಳುತ್ತೇನೆ: ಲಸಿಕೆ ಪಡೆದ ಕೋಳಿ ಬದುಕಿ ಉಳಿಯಿತೇ ಎಂಬ ಒಂದೇ ಪ್ರಶ್ನೆಯಿಂದ ಲಸಿಕೆಯನ್ನು ಅಳೆಯುವ ರೂಢಿ ಸಾಲದು. ಬದುಕಿದ ಆ ಕೋಳಿ ತನ್ನ ಗಂಟಲಿನಿಂದ ಮತ್ತು ಹಿಕ್ಕೆಯಿಂದ ಎಷ್ಟು ವೈರಸ್ಸನ್ನು ಹೊರಚೆಲ್ಲುತ್ತದೆ, ಲಸಿಕೆಯು ಕೊನೆಯ ಗೂಡಿನವರೆಗೆ ಜೀವಂತವಾಗಿ ತಲುಪುತ್ತದೆಯೇ ಎಂಬ ಎರಡು ಪ್ರಶ್ನೆಗಳನ್ನು ಕೆಲಸದ ಮೊದಲ ದಿನದಿಂದಲೇ ಎದುರಿಗಿಟ್ಟುಕೊಳ್ಳಬೇಕು.

ಗುರಿಯನ್ನು ಬರೆದಿಟ್ಟು ಆರಂಭಿಸಿ

ಪ್ರಯೋಗಾಲಯಕ್ಕೆ ಕಾಲಿಡುವ ಮೊದಲು ಲಸಿಕೆ ಯಾವ ಕೋಳಿಗೆ, ಯಾವ ವಯಸ್ಸಿನಲ್ಲಿ, ಯಾರ ಕೈಯಿಂದ ಸಲ್ಲುತ್ತದೆ ಎಂಬುದನ್ನು ಒಂದು ಪುಟದಲ್ಲಿ ಬರೆಯಿರಿ. ಸುಮಾರು ಆರು ವಾರಗಳಲ್ಲಿ ಮಾರುಕಟ್ಟೆಗೆ ಹೋಗುವ ಬ್ರಾಯ್ಲರ್ ಕೋಳಿಗೆ ಬೇಕಾದದ್ದು ಬೇಗನೆ ಹತ್ತುವ, ಉಸಿರಾಟದ ತೊಂದರೆ ಕೊಡದ, ತೂಕ ಕುಂದಿಸದ ಲಸಿಕೆ. ವರ್ಷಕ್ಕೂ ಮಿಕ್ಕಿ ಸಾಕುವ ಮೊಟ್ಟೆಕೋಳಿಗೆ ಬೇಕಾದದ್ದು ದೀರ್ಘಕಾಲ ಉಳಿಯುವ, ಮೊಟ್ಟೆ ಇಳಿಯದಂತೆ ಕಾಯುವ ರಕ್ಷಣೆ. ಎಂಟು ಹತ್ತು ನಾಟಿ ಕೋಳಿ ಅಥವಾ ಗಿರಿರಾಜ ಕೋಳಿಗಳನ್ನು ಸಾಕಿರುವ ಮನೆಗಾದರೋ, ಶೀತಕಪೆಟ್ಟಿಗೆಯಿಲ್ಲದೆಯೂ ಕೆಡದ, ಕಣ್ಣಿಗೆ ಒಂದು ಹನಿ ಹಾಕಿದರೆ ಮುಗಿಯುವ, ಚಿಕ್ಕ ಸೀಸೆಯಲ್ಲಿ ಸಿಗುವ ಲಸಿಕೆ ಬೇಕು. ಈ ಮೂರನ್ನೂ ಒಂದೇ ಲಸಿಕೆಯಲ್ಲಿ ತುಂಬಲು ಹೊರಟರೆ ಮೂರಕ್ಕೂ ಅರೆಬರೆಯಾಗಿ ಒದಗುವ ವಸ್ತುವೊಂದು ಹುಟ್ಟುತ್ತದೆ.

ಹೊರಗೆ ಸುತ್ತುತ್ತಿರುವ ವೈರಸ್ಸನ್ನು ತಿಳಿಯಿರಿ

ರೋಗ ಎದ್ದ ಹಿಂಡುಗಳಿಂದ ಗಂಟಲಿನ ಮತ್ತು ಗುದದ್ವಾರದ ಸ್ವಾಬ್‌ಗಳನ್ನು, ಸತ್ತ ಕೋಳಿಗಳ ಮಿದುಳು, ಗುಲ್ಮ ಮತ್ತು ಶ್ವಾಸಕೋಶದ ತುಣುಕುಗಳನ್ನು ತಣ್ಣಗೆ ತಂದು, ನಿರ್ದಿಷ್ಟ ರೋಗಾಣುಗಳಿಲ್ಲದ ಕೋಳಿಗಳು ಇಟ್ಟ 9ರಿಂದ 11 ದಿನಗಳ ಭ್ರೂಣವಿರುವ ಮೊಟ್ಟೆಗಳಲ್ಲಿ ಬೆಳೆಸಬೇಕು. ಹೀಗೆ ದೊರೆತ ವೈರಸ್ಸಿನ ಎಫ್ ಜೀನಿನ ಅನುಕ್ರಮವನ್ನು ಓದಿದರೆ ಎರಡು ವಿಷಯಗಳು ತಿಳಿಯುತ್ತವೆ: ಅದು ಯಾವ ಜೀನೋಟೈಪಿಗೆ, ಅಂದರೆ ಯಾವ ಆನುವಂಶಿಕ ಗುಂಪಿಗೆ, ಸೇರಿದೆ ಎಂಬುದು ಒಂದು, ಎಷ್ಟು ಉಗ್ರವಾಗಿರಬಲ್ಲದು ಎಂಬುದು ಇನ್ನೊಂದು. ಈ ವೈರಸ್ಸು ಜೀವಕೋಶದೊಳಗೆ ಹೊಗಬೇಕಾದರೆ ಅದರ ಎಫ್ ಪ್ರೋಟೀನು ನಿರ್ದಿಷ್ಟ ಸ್ಥಳವೊಂದರಲ್ಲಿ ಕತ್ತರಿಸಲ್ಪಡಬೇಕು. ಸೌಮ್ಯ ತಳಿಗಳಲ್ಲಿ ಆ ಸ್ಥಳವನ್ನು ಕತ್ತರಿಸಬಲ್ಲ ಕಿಣ್ವಗಳು ಉಸಿರಾಟದ ಮತ್ತು ಕರುಳಿನ ಒಳಪದರದಲ್ಲಷ್ಟೇ ಇರುತ್ತವೆ. ಉಗ್ರ ತಳಿಗಳಲ್ಲಿ ಅಲ್ಲಿ ಅರ್ಜಿನೀನ್, ಲೈಸೀನ್‌ನಂತಹ ಪ್ರತ್ಯಾಮ್ಲೀಯ ಅಮೈನೊ ಆಮ್ಲಗಳು ಗುಂಪುಗೂಡಿರುವುದರಿಂದ ದೇಹದ ಬಹುತೇಕ ಎಲ್ಲ ಅಂಗಗಳ ಕಿಣ್ವಗಳೂ ಅದನ್ನು ಕತ್ತರಿಸಬಲ್ಲವು. ಆದ್ದರಿಂದಲೇ ಸೋಂಕು ಮಿದುಳಿನವರೆಗೂ ಹರಡಿ ಕತ್ತು ತಿರುಚಿಕೊಳ್ಳುವ ಲಕ್ಷಣ ಕಾಣುತ್ತದೆ.

ಅನುಕ್ರಮದ ಜೊತೆಗೆ ಜೀವಂತ ಅಳತೆಯೂ ಬೇಕು. ಒಂದು ದಿನದ ಮರಿಗಳ ಮಿದುಳಿಗೆ ವೈರಸ್ ನೀಡಿ ಎಂಟು ದಿನ ಗಮನಿಸಿ ಅಂಕ ಹಾಕುವ ಸೂಚ್ಯಂಕದಲ್ಲಿ ಗರಿಷ್ಠ ಮೌಲ್ಯ 2. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ 0.7 ಅಥವಾ ಅದಕ್ಕಿಂತ ಹೆಚ್ಚು ಬಂದ ವೈರಸ್ಸು ರೋಗಕಾರಕ. ಈ ಅಳತೆಗೆ ಹಿಡಿದರೆ ನಮ್ಮ ಆರ್2ಬಿ ಲಸಿಕೆಯ ವೈರಸ್ಸೂ ಆ ಗೆರೆಯ ಮೇಲೆಯೇ ನಿಲ್ಲುತ್ತದೆ. ಆರು ವಾರ ದಾಟದ ಮರಿಗಳಿಗೆ ಅದನ್ನು ಕೊಡದಿರುವುದಕ್ಕೆ ಕಾರಣ ಇದೇ. ಅದು ದಶಕಗಳ ಕಾಲ ಕೋಳಿಗಳನ್ನು ಉಳಿಸಿದೆ ಎಂಬ ಕೃತಜ್ಞತೆಯನ್ನು ಇಟ್ಟುಕೊಂಡೇ, ಅದಕ್ಕೆ ಬದಲಿ ಹುಡುಕುವ ಕಾಲ ಬಂದಿದೆ ಎಂದು ಹೇಳಬೇಕಾಗಿದೆ.

ಲಸೋಟಾ ಮತ್ತು ಇನ್ನೊಂದು ಸೌಮ್ಯ ಲಸಿಕೆ ತಳಿಯಾದ ಬಿ1 ಎರಡನೆಯ ಜೀನೋಟೈಪಿಗೂ ಆರ್2ಬಿ ಮೂರನೆಯದಕ್ಕೂ ಸೇರಿದರೆ, ಭಾರತದ ಇತ್ತೀಚಿನ ಮಾದರಿಗಳಲ್ಲಿ ಹದಿಮೂರನೆಯ ಜೀನೋಟೈಪ್ ಮತ್ತೆ ಮತ್ತೆ ದೊರೆತಿದೆ, ಏಳನೆಯದೂ ಕಂಡುಬಂದಿದೆ. ಇಲ್ಲಿ ಆತುರದ ತೀರ್ಮಾನಕ್ಕೆ ಬರಬಾರದು. ಈ ವೈರಸ್ಸಿನ ಸಿರೋಟೈಪ್ ಒಂದೇ, ಅಂದರೆ ಒಂದು ತಳಿಯ ವಿರುದ್ಧ ಹುಟ್ಟಿದ ಪ್ರತಿಕಾಯ ಉಳಿದ ತಳಿಗಳನ್ನೂ ಗುರುತಿಸುತ್ತದೆ. ಆದ್ದರಿಂದ ಹಳೆಯ ಲಸಿಕೆ ಸರಿಯಾಗಿ ಹತ್ತಿದ ಕೋಳಿಯನ್ನು ಹೊಸ ಜೀನೋಟೈಪಿನ ವೈರಸ್ಸು ಸಾಮಾನ್ಯವಾಗಿ ಕೊಲ್ಲಲಾರದು. ಹಿಂಡಿನಲ್ಲಿ ಸೋಂಕಿನ ಸರಪಳಿ ಕಡಿಯಬೇಕಾದರೆ ಶೇ. 85ಕ್ಕೂ ಹೆಚ್ಚು ಕೋಳಿಗಳಲ್ಲಿ ಸಾಕಷ್ಟು ಪ್ರತಿಕಾಯವಿರಬೇಕು ಎಂದು ನೆದರ್ಲೆಂಡ್ಸ್‌ನ ಸಂಶೋಧಕರು 2008ರಲ್ಲಿ ತೋರಿಸಿದರು. ನಮ್ಮ ಹೆಚ್ಚಿನ ವೈಫಲ್ಯಗಳು ಆ ಮಟ್ಟಕ್ಕೆ ಲಸಿಕೆ ತಲುಪದೇ ಇರುವುದರಿಂದ ಆಗುತ್ತವೆ. ಆದರೆ ವೈರಸ್ ಚೆಲ್ಲುವಿಕೆಯ ವಿಷಯ ಬೇರೆ. ಲಸಿಕೆಯ ತಳಿಯೂ ದಾಳಿ ಮಾಡುವ ತಳಿಯೂ ಒಂದೇ ಜೀನೋಟೈಪಿನವಾದಾಗ ಹೊರಬೀಳುವ ವೈರಸ್ಸಿನ ಪ್ರಮಾಣ ಇಳಿಯುತ್ತದೆ ಎಂದು ಅಮೆರಿಕದ ಅಥೆನ್ಸ್‌ನ ಪ್ರಯೋಗಾಲಯವೂ ಚೀನಾದ ಯಾಂಗ್‌ಝೌ ವಿಶ್ವವಿದ್ಯಾಲಯವೂ ಕಂಡುಕೊಂಡಿವೆ. ಹೊಸ ಲಸಿಕೆಗೆ ಇರುವ ನಿಜವಾದ ಅವಕಾಶ ಇಲ್ಲಿದೆ.

ಬೀಜ ವೈರಸ್ಸಿನ ಆಯ್ಕೆ

ಲಸಿಕೆ ತಯಾರಿಕೆಗೆ ಮೂಲವಾಗುವ ಬೀಜ ವೈರಸ್ಸನ್ನು ಪಡೆಯಲು ಮೂರು ದಾರಿಗಳು ನಿಮ್ಮ ಮುಂದಿವೆ. ಮೊದಲನೆಯದು ನಿಸರ್ಗದಲ್ಲೇ ಸೌಮ್ಯವಾಗಿರುವ ತಳಿಯನ್ನು ಹುಡುಕಿ ಶುದ್ಧಗೊಳಿಸುವುದು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ 1966ರಲ್ಲಿ ದೊರೆತ ವಿ4 ತಳಿಯಿಂದಲೂ, ಪೀಟರ್ ಸ್ಪ್ರಾಡ್‌ಬ್ರೋ ಮತ್ತು ಸಂಗಡಿಗರು ರೂಪಿಸಿದ ಐ-2 ತಳಿಯಿಂದಲೂ ಶಾಖವನ್ನು ತಾಳಿಕೊಳ್ಳುವ ಲಸಿಕೆಗಳು ಹುಟ್ಟಿದವು. ವೈರಸ್ಸನ್ನು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿ, ಬದುಕುಳಿದದ್ದನ್ನು ಮತ್ತೆ ಬೆಳೆಸಿ, ಮತ್ತೆ ಕಾಯಿಸಿ ಆರಿಸುವ ಈ ವಿಧಾನಕ್ಕೆ ದುಬಾರಿ ಉಪಕರಣಗಳು ಬೇಡ. ಐ-2 ಲಸಿಕೆಯನ್ನು ಮೊಜಾಂಬಿಕ್, ಟಾಂಜಾನಿಯಾಗಳಂತಹ ದೇಶಗಳ ಹಳ್ಳಿಗಳಲ್ಲಿ ಕಣ್ಣಿನ ಹನಿಯಾಗಿ ಬಳಸುತ್ತಿದ್ದಾರೆ. ತಮಿಳುನಾಡು ಪಶುವೈದ್ಯಕೀಯ ವಿಶ್ವವಿದ್ಯಾಲಯವು ಹಿತ್ತಲ ಕೋಳಿಗಳಿಗಾಗಿ ಕಾಳಿನಂತೆ ತಿನ್ನಿಸಬಹುದಾದ ಗುಳಿಗೆ ಲಸಿಕೆಯನ್ನು ಇದೇ ಆಶಯದಿಂದ ಸಿದ್ಧಪಡಿಸಿತು. ನನ್ನನ್ನು ಕೇಳಿದರೆ, ಸೀಮಿತ ಹಣವಿರುವ ಪ್ರಯೋಗಾಲಯ ಮೊದಲು ಹಿಡಿಯಬೇಕಾದ ದಾರಿ ಇದು.

ಎರಡನೆಯದು ರಿವರ್ಸ್ ಜೆನೆಟಿಕ್ಸ್. ಸುಮಾರು 15,200 ನ್ಯೂಕ್ಲಿಯೋಟೈಡ್‌ಗಳ, ಅಂದರೆ ಆನುವಂಶಿಕ ಅಕ್ಷರಗಳ, ಈ ಆರ್‌ಎನ್‌ಎ ವೈರಸ್ಸನ್ನು ಡಿಎನ್‌ಎ ಪ್ರತಿಯಿಂದ ಮರುಸೃಷ್ಟಿಸಬಹುದೆಂದು 1999ರಲ್ಲಿ ಯುರೋಪಿನ ಎರಡು ತಂಡಗಳು ತೋರಿಸಿದವು. ಈ ವಿಧಾನದಿಂದ, ಹೊರಗೆ ಸುತ್ತುತ್ತಿರುವ ಜೀನೋಟೈಪಿನ ಎಫ್ ಮತ್ತು ಎಚ್‌ಎನ್ ಎಂಬ ಮೇಲ್ಮೈ ಪ್ರೋಟೀನುಗಳನ್ನು ಉಳಿಸಿಕೊಂಡು, ಎಫ್ ಪ್ರೋಟೀನು ಕತ್ತರಿಸಲ್ಪಡುವ ಸ್ಥಳವನ್ನು ಮಾತ್ರ ಸೌಮ್ಯ ತಳಿಗಳಲ್ಲಿರುವಂತೆ ಬದಲಿಸಬಹುದು. ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಆರ್2ಬಿ ತಳಿಗೇ ಇಂತಹ ವ್ಯವಸ್ಥೆಯನ್ನು ಕಟ್ಟಿದ್ದಾರೆ. ಹಾಗಾಗಿ ಈ ಕೌಶಲ ಹೊರದೇಶಗಳದ್ದಷ್ಟೇ ಆಗಿ ಉಳಿದಿಲ್ಲ. ಈ ದಾರಿಯಲ್ಲಿ ಎಂದೂ ಮರೆಯಬಾರದ ಪಾಠವೊಂದಿದೆ. 1998ರಲ್ಲಿ ಆಸ್ಟ್ರೇಲಿಯಾದ ಸಿಡ್ನಿ ಪ್ರದೇಶದಲ್ಲಿ ಎದ್ದ ರೋಗಕ್ಕೆ ಕಾರಣವಾದ ಉಗ್ರ ವೈರಸ್ಸು ಹೊರಗಿನಿಂದ ಬಂದದ್ದಾಗಿರಲಿಲ್ಲ. ಅಲ್ಲಿನ ಕೋಳಿಗಳಲ್ಲೇ ಇದ್ದ ಸೌಮ್ಯ ವೈರಸ್ಸಿನ ಈ ಸ್ಥಳದಲ್ಲಿ ಕೆಲವೇ ಅಕ್ಷರಗಳು ಬದಲಾಗಿ ಅದು ಉಗ್ರವಾಗಿತ್ತು. ಆದ್ದರಿಂದ ನೀವು ಮಾಡುವ ಬದಲಾವಣೆ ಒಂದೇ ಅಕ್ಷರದ ತಪ್ಪಿನಿಂದ ಹಿಂದಿರುಗದಂತೆ, ಪ್ರತಿ ಅಮೈನೊ ಆಮ್ಲಕ್ಕೂ ಎರಡು ಅಥವಾ ಮೂರು ಅಕ್ಷರಗಳ ಅಂತರವಿರುವಂತೆ ಸಂಕೇತಗಳನ್ನು ಆರಿಸಬೇಕು.

ಮೂರನೆಯದು ವಾಹಕ ಲಸಿಕೆ. ಕೋಳಿಗಳ ಇನ್ನೊಂದು ವೈರಸ್ ರೋಗವಾದ ಮಾರೆಕ್ ರೋಗದ ಲಸಿಕೆಯಾಗಿ ಬಹುಕಾಲದಿಂದ ಬಳಕೆಯಲ್ಲಿರುವ ಟರ್ಕಿಕೋಳಿಯ ಹರ್ಪಿಸ್ ವೈರಸ್ಸಿನೊಳಗೆ ಎಫ್ ಜೀನನ್ನು ಸೇರಿಸಿದರೆ, ಹ್ಯಾಚರಿಯಲ್ಲೇ 18 ದಿನಗಳ ಭ್ರೂಣಕ್ಕೋ ಒಂದು ದಿನದ ಮರಿಗೋ ಕೊಟ್ಟ ಒಂದೇ ಚುಚ್ಚುಮದ್ದು ದೀರ್ಘಕಾಲ ರಕ್ಷಿಸುತ್ತದೆ. ಉಸಿರಾಟದ ತೊಂದರೆ ಇರುವುದಿಲ್ಲ. ಆದರೆ ರಕ್ಷಣೆ ಮೂಡಲು ಮೂರರಿಂದ ನಾಲ್ಕು ವಾರ ಹಿಡಿಯುತ್ತದೆ, ಲಸಿಕೆಯನ್ನು ದ್ರವ ಸಾರಜನಕದಲ್ಲೇ ಕಾಪಾಡಬೇಕು, ಇದೇ ವಾಹಕದ ಎರಡು ಬೇರೆ ಲಸಿಕೆಗಳನ್ನು ಒಂದೇ ಮರಿಗೆ ಕೊಟ್ಟರೆ ಒಂದು ಇನ್ನೊಂದನ್ನು ಅಡ್ಡಗಟ್ಟುತ್ತದೆ. ದೊಡ್ಡ ಹ್ಯಾಚರಿಗೆ ಇದು ಒಪ್ಪುತ್ತದೆ, ಹಳ್ಳಿಗೆ ಒಪ್ಪುವುದಿಲ್ಲ.

ವೈರಸ್ಸನ್ನು ನಿಷ್ಕ್ರಿಯಗೊಳಿಸಿ ಖನಿಜ ತೈಲದಲ್ಲಿ ಬೆರೆಸುವ ಲಸಿಕೆಗಳೂ ಇವೆ. ಮೊಟ್ಟೆಕೋಳಿಗಳಿಗೆ ಮೊಟ್ಟೆ ಆರಂಭಕ್ಕೆ ಮುನ್ನ ಬಲವರ್ಧಕವಾಗಿ ಅವು ಬಹಳ ಉಪಯುಕ್ತ. ಆದರೆ ಒಂದೊಂದೇ ಕೋಳಿಯನ್ನು ಹಿಡಿದು ಚುಚ್ಚಬೇಕಾಗುತ್ತದೆ.

ತಾಯಿಯಿಂದ ಬಂದ ಪ್ರತಿಕಾಯದ ಲೆಕ್ಕ

ಪ್ರಯೋಗಾಲಯದಲ್ಲಿ ಅದ್ಭುತವಾಗಿ ಕೆಲಸ ಮಾಡಿದ ಜೀವಂತ ಲಸಿಕೆ ಹ್ಯಾಚರಿಯ ಮರಿಗಳಲ್ಲಿ ಸೋಲಲು ಮುಖ್ಯ ಕಾರಣ ಮೊಟ್ಟೆಯ ಹಳದಿಯ ಮೂಲಕ ತಾಯಿಯಿಂದ ಬಂದ ಪ್ರತಿಕಾಯ. ಅದು ಸುಮಾರು ನಾಲ್ಕೂವರೆ ದಿನಗಳಿಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಮರಿಯ ರಕ್ತದಲ್ಲಿ, ಪ್ರತಿಕಾಯವನ್ನು ಅಳೆಯುವ ಎಚ್‌ಐ ಪರೀಕ್ಷೆಯ ಮಟ್ಟ 64 ಇದ್ದರೆ, ಅದು 8ಕ್ಕೆ ಇಳಿಯಲು ಮೂರು ಅರ್ಧಾವಧಿಗಳು, ಅಂದರೆ ಹದಿಮೂರೂವರೆ ದಿನಗಳು ಬೇಕು. ಮೊದಲ ವಾರದಲ್ಲೇ ಕುಡಿಯುವ ನೀರಿನಲ್ಲಿ ಕೊಟ್ಟ ಲಸಿಕೆಯ ಬಹುಭಾಗವನ್ನು ಈ ಪ್ರತಿಕಾಯವೇ ನುಂಗಿಬಿಡಬಹುದು. ಕಣ್ಣಿನ ಹನಿಯಾಗಿಯೋ ಒರಟು ತುಂತುರಾಗಿಯೋ ಕೊಟ್ಟಾಗ ಕಣ್ಣಿನ ಹಿಂಬದಿಯ ಹಾರ್ಡರ್ ಗ್ರಂಥಿಯಲ್ಲೂ ಉಸಿರಾಟದ ಒಳಪದರದಲ್ಲೂ ಸ್ಥಳೀಯ ರಕ್ಷಣೆ ಹುಟ್ಟುವುದರಿಂದ ತಕ್ಕಮಟ್ಟಿಗೆ ಈ ಅಡ್ಡಿಯನ್ನು ದಾಟಬಹುದು. ಆದ್ದರಿಂದ ಪ್ರಯೋಗದ ಒಂದು ಗುಂಪಾದರೂ ಲಸಿಕೆ ಪಡೆದ ತಾಯಿಕೋಳಿಗಳ ಮರಿಗಳದ್ದೇ ಆಗಿರಬೇಕು. ಪ್ರತಿಕಾಯವೇ ಇಲ್ಲದ ಶುದ್ಧ ಮರಿಗಳ ಮೇಲೆ ಮಾತ್ರ ಪರೀಕ್ಷಿಸಿದ ಲಸಿಕೆಯನ್ನು ನಾನು ನಂಬುವುದಿಲ್ಲ.

ಇದರ ಜೊತೆಗೆ ಗುಂಬೊರೊ ರೋಗ, ಮಾರೆಕ್ ರೋಗ, ಬೂಸ್ಟು ಹಿಡಿದ ಮೆಕ್ಕೆಜೋಳದ ಅಫ್ಲಾಟಾಕ್ಸಿನ್ ವಿಷ ಇವೆಲ್ಲವೂ ಕೋಳಿಯ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತವೆ. ಲಸಿಕೆ ಸೋತಿತೆಂದು ತೀರ್ಮಾನಿಸುವ ಮೊದಲು ಕೋಳಿ ಸೋತಿತ್ತೇ ಎಂದು ನೋಡಬೇಕು.

ಪರೀಕ್ಷೆಯನ್ನು ಕಠಿಣವಾಗಿಸಿ

ಸುರಕ್ಷತೆ ಮೊದಲು. ಬೀಜ ವೈರಸ್ಸನ್ನು ಮರಿಯಿಂದ ಮರಿಗೆ ಕನಿಷ್ಠ ಐದು ಬಾರಿ ದಾಟಿಸಿ, ಪ್ರತಿ ಹಂತದಲ್ಲೂ ಕತ್ತರಿಸಲ್ಪಡುವ ಸ್ಥಳದ ಅನುಕ್ರಮವನ್ನು ಓದಿ, ಕೊನೆಯಲ್ಲಿ ಉಗ್ರತೆಯ ಸೂಚ್ಯಂಕ ಏರಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಬೀಜದಲ್ಲಿ ಮೈಕೋಪ್ಲಾಸ್ಮಾ, ಕೋಳಿ ರಕ್ತಹೀನತೆಯ ವೈರಸ್, ಲ್ಯೂಕೋಸಿಸ್ ವೈರಸ್ ಮೊದಲಾದವು ಸೇರಿಕೊಂಡಿಲ್ಲವೆಂದು ಪರೀಕ್ಷಿಸಬೇಕು. ಮಾರುಕಟ್ಟೆಯ ಸಾಮಾನ್ಯ ಮೊಟ್ಟೆಗಳಲ್ಲಿ ಬೆಳೆಸಿದ ಲಸಿಕೆ ಒಂದು ರೋಗವನ್ನು ತಡೆಯುತ್ತಾ ಇನ್ನೊಂದನ್ನು ಹಂಚುವ ಅಪಾಯ ನಿಜವಾದದ್ದು. ಕೆಲಸ ಮಾಡುವವರ ಕಣ್ಣಿಗೂ ಕನ್ನಡಕ ಇರಲಿ: ಈ ವೈರಸ್ಸು ಮನುಷ್ಯರ ಕಣ್ಣಿಗೆ ಸಿಡಿದರೆ ಕೆಲವು ದಿನ ಕಣ್ಣು ಕೆಂಪಾಗಿ ಊದಿಕೊಳ್ಳುತ್ತದೆ. ಉಗ್ರ ವೈರಸ್ಸಿನೊಂದಿಗಿನ ಪ್ರಯೋಗಗಳು ಗಾಳಿಯೂ ತ್ಯಾಜ್ಯವೂ ಹೊರಹೋಗದಂತೆ ನಿಯಂತ್ರಿಸಿದ ಕಟ್ಟಡದಲ್ಲಿ ಮಾತ್ರ ನಡೆಯಬೇಕು.

ಮುಂದಿನದು ಸವಾಲು ಪರೀಕ್ಷೆ. ಲಸಿಕೆ ಕೊಟ್ಟ ಎರಡು ಮೂರು ವಾರಗಳ ನಂತರ ಉಗ್ರ ವೈರಸ್ಸನ್ನು ನೀಡಿ 14 ದಿನ ನೋಡುವುದು ವಾಡಿಕೆ; ಲಸಿಕೆಯಿಲ್ಲದ ಗುಂಪಿನ ಬಹುತೇಕ ಎಲ್ಲ ಕೋಳಿಗಳು ಸಾಯಬೇಕು, ಲಸಿಕೆ ಪಡೆದ ಗುಂಪಿನಲ್ಲಿ ಕನಿಷ್ಠ ಶೇ. 90 ಉಳಿಯಬೇಕು. ಸವಾಲಿಗೆ ಪ್ರಯೋಗಾಲಯದ ಹಳೆಯ ತಳಿಯ ಜೊತೆಗೆ ನೀವೇ ಹೊಲಮನೆಗಳಿಂದ ತಂದ ತಳಿಯನ್ನೂ ಬಳಸಿ. ಸ್ನಾಯುವಿಗೆ ಚುಚ್ಚುವುದರ ಜೊತೆಗೆ ಕಣ್ಣು ಮೂಗಿನ ಮೂಲಕವೂ ವೈರಸ್ ಕೊಡಿ, ಏಕೆಂದರೆ ಸೋಂಕು ಸಹಜವಾಗಿ ಬರುವುದು ಆ ದಾರಿಯಲ್ಲಿ.

ನಂತರ ಬಹುಮಂದಿ ನಿಲ್ಲಿಸುವ ಜಾಗದಿಂದ ಮುಂದಕ್ಕೆ ಹೋಗಿ. ಸವಾಲಿನ ನಂತರದ ಎರಡು, ನಾಲ್ಕು, ಏಳನೆಯ ದಿನಗಳಂದು ಗಂಟಲು ಮತ್ತು ಗುದದ್ವಾರದ ಸ್ವಾಬ್ ತೆಗೆದು, ಅದರಲ್ಲಿರುವ ಜೀವಂತ ವೈರಸ್ಸಿನ ಪ್ರಮಾಣವನ್ನು ಮೊಟ್ಟೆಗಳಲ್ಲಿ ಅಳೆಯಿರಿ. ಪಿಸಿಆರ್ ಒಂದನ್ನೇ ನೆಚ್ಚಿಕೊಂಡರೆ ಸತ್ತ ವೈರಸ್ಸೂ ಲೆಕ್ಕಕ್ಕೆ ಬರುತ್ತದೆ. ಸವಾಲು ಪಡೆದ ಕೋಳಿಗಳ ಜೊತೆಗೆ ಸೋಂಕಿಲ್ಲದ ಕೆಲವು ಕೋಳಿಗಳನ್ನು ಬಿಟ್ಟು ಅವುಗಳಿಗೆ ರೋಗ ದಾಟುತ್ತದೆಯೇ ಎಂದೂ ನೋಡಿ. ಸಂಖ್ಯೆಯ ವಿಷಯದಲ್ಲಿ ನಮ್ಮನ್ನು ನಾವೇ ವಂಚಿಸಿಕೊಳ್ಳಬಾರದು: ಹತ್ತು ಕೋಳಿಗಳಲ್ಲಿ ಒಂದೂ ವೈರಸ್ ಚೆಲ್ಲದಿದ್ದರೂ, ಶೇ. 95ರ ವಿಶ್ವಾಸದ ಮಟ್ಟದಲ್ಲಿ ನಿಜವಾದ ಪ್ರಮಾಣ ಶೇ. 26ರವರೆಗೂ ಇರುವ ಸಾಧ್ಯತೆಯನ್ನು ಆ ಪ್ರಯೋಗ ತಳ್ಳಿಹಾಕುವುದಿಲ್ಲ. ಮೂವತ್ತು ಕೋಳಿಗಳಿದ್ದರೆ ಅದು ಶೇ. 10ರ ಒಳಗೆ ಬರುತ್ತದೆ.

ಚೆಲ್ಲುವಿಕೆಗೆ ಇಷ್ಟು ಒತ್ತು ಕೊಡಲು ಇನ್ನೊಂದು ಕೋಳಿ ರೋಗದ ಅನುಭವವೂ ಕಾರಣ. ಮಾರೆಕ್ ರೋಗದ ಲಸಿಕೆಗಳು ಕೋಳಿಯನ್ನು ಸಾವಿನಿಂದ ಉಳಿಸುತ್ತವೆಯೇ ಹೊರತು ವೈರಸ್ ಹರಡುವುದನ್ನು ನಿಲ್ಲಿಸುವುದಿಲ್ಲ. ಆಂಡ್ರ್ಯೂ ರೀಡ್, ವೇಣುಗೋಪಾಲ್ ನಾಯರ್ ಮೊದಲಾದವರು 2015ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಲಸಿಕೆಯಿಲ್ಲದ ಕೋಳಿಗಳನ್ನು ಬೇಗನೆ ಕೊಂದು ತಾನೂ ಅವುಗಳೊಂದಿಗೆ ಮುಗಿದುಹೋಗುತ್ತಿದ್ದ ಅತ್ಯುಗ್ರ ವೈರಸ್ಸು, ಲಸಿಕೆ ಪಡೆದು ಬದುಕುಳಿದ ಕೋಳಿಗಳ ಮೂಲಕ ಇತರ ಕೋಳಿಗಳಿಗೆ ಹರಡಿತು. ಕೊಕ್ಕರೆ ರೋಗದ ವೈರಸ್ಸು ಬೇರೆ ಜಾತಿಯದೇ ಆದರೂ, ಲಸಿಕೆ ರೂಪಿಸುವ ಪ್ರತಿಯೊಬ್ಬರೂ ಈ ಎಚ್ಚರಿಕೆಯನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು.

ಲಸಿಕೆ ಪಡೆದ ಕೋಳಿಯನ್ನೂ ಸೋಂಕು ತಗುಲಿದ ಕೋಳಿಯನ್ನೂ ರಕ್ತಪರೀಕ್ಷೆಯಿಂದ ಬೇರ್ಪಡಿಸಲು ಸಾಧ್ಯವಾದರೆ ಅದು ದೊಡ್ಡ ಲಾಭ. ಎಫ್ ಜೀನನ್ನು ಮಾತ್ರ ಹೊತ್ತ ವಾಹಕ ಲಸಿಕೆಯಲ್ಲಿ ಇದು ತಾನಾಗಿಯೇ ಒದಗುತ್ತದೆ: ಈ ಲಸಿಕೆಯಲ್ಲಿಲ್ಲದ, ವೈರಸ್ಸಿನ ಎನ್‌ಪಿ ಎಂಬ ಇನ್ನೊಂದು ಪ್ರೋಟೀನಿಗೆ ಪ್ರತಿಕಾಯ ಕಂಡರೆ ಅದು ಸೋಂಕಿನಿಂದಲೋ ಬೇರೆ ಲಸಿಕೆಯಿಂದಲೋ ಬಂದದ್ದು.

ಬಿಸಿಲು, ನೀರು, ಸೀಸೆ

ಭ್ರೂಣದ ಸುತ್ತಲಿನ ದ್ರವದಿಂದ ತೆಗೆದ ವೈರಸ್ಸಿಗೆ ಕೆನೆ ತೆಗೆದ ಹಾಲಿನ ಪುಡಿ, ಸಕ್ಕರೆ, ಪೆಪ್ಟೋನ್ ಅಥವಾ ಜೆಲಾಟಿನ್ ಬೆರೆಸಿ, ಹೆಪ್ಪುಗಟ್ಟಿಸಿ, ನಿರ್ವಾತದಲ್ಲಿ ಒಣಗಿಸಿ ಸೀಸೆಗೆ ತುಂಬುತ್ತಾರೆ. ಯಾವ ಮಿಶ್ರಣ ಒಳ್ಳೆಯದು ಎಂಬುದು ತಳಿಯಿಂದ ತಳಿಗೆ ಬದಲಾಗುವುದರಿಂದ 4, 25 ಮತ್ತು 37 ಡಿಗ್ರಿಗಳಲ್ಲಿ ಸೀಸೆಗಳನ್ನಿಟ್ಟು ವಾರವಾರವೂ ಉಳಿದ ಶಕ್ತಿಯನ್ನು ಅಳೆದು ನೋಡಬೇಕು. ಕಣ್ಣಿನ ಹನಿಗೆ ಪ್ರತಿ ಕೋಳಿಗೆ ಹತ್ತು ಲಕ್ಷ ಸೋಂಕು ಘಟಕಗಳು ಕೊನೆಯ ದಿನದಂದೂ ಉಳಿದಿರಬೇಕು ಎಂಬ ಲೆಕ್ಕದಲ್ಲಿ ತುಂಬುವಾಗಲೇ ಹೆಚ್ಚುವರಿ ಪ್ರಮಾಣ ಹಾಕಬೇಕು. ಒಣಗಿಸಿದ ಐ-2 ಲಸಿಕೆ ಕತ್ತಲಲ್ಲಿಟ್ಟರೆ 28 ಡಿಗ್ರಿಯಲ್ಲಿ ಎಂಟು ವಾರ ಕೆಲಸಕ್ಕೆ ಬರುತ್ತದೆ. ರಾಯಚೂರು, ಕಲಬುರಗಿಗಳ ಬೇಸಿಗೆಗೆ ಈ ಅಳತೆಯೂ ಸಾಲದು, ಹಾಗಾಗಿ 40 ಡಿಗ್ರಿಯ ಪರೀಕ್ಷೆಯನ್ನೂ ಸೇರಿಸಿ.

ನೀರಿನಲ್ಲಿ ಕೊಡುವ ಲಸಿಕೆಯಾದರೆ ನಲ್ಲಿಯ ನೀರಿನ ಕ್ಲೋರಿನ್ ವೈರಸ್ಸನ್ನು ನಿಮಿಷಗಳಲ್ಲಿ ಕೊಲ್ಲುತ್ತದೆ. ಲೀಟರಿಗೆ ಸುಮಾರು 2.5 ಗ್ರಾಂ ಕೆನೆರಹಿತ ಹಾಲಿನ ಪುಡಿ ಬೆರೆಸಬೇಕೆಂಬ ಸೂಚನೆಯು ಸೀಸೆಯ ಮೇಲೆ ಕನ್ನಡದಲ್ಲಿ, ದಪ್ಪ ಅಕ್ಷರಗಳಲ್ಲಿ ಇರಬೇಕು.

ಸೀಸೆಯ ಗಾತ್ರವನ್ನು ಬಹಳ ಜನ ವ್ಯಾಪಾರದ ವಿಷಯವೆಂದು ಬಿಟ್ಟುಬಿಡುತ್ತಾರೆ. ನನಗೆ ಅದು ವಿಜ್ಞಾನದಷ್ಟೇ ಮುಖ್ಯ. ಸಾವಿರ ಕೋಳಿಗಳ ಸೀಸೆಯನ್ನು ಒಮ್ಮೆ ಕರಗಿಸಿದರೆ ಎರಡು ಮೂರು ಗಂಟೆಗಳಲ್ಲಿ ಮುಗಿಸಬೇಕು. ಹತ್ತು ಕೋಳಿಗಳ ಒಡತಿ ಅದನ್ನು ಏಕೆ ಕೊಳ್ಳುತ್ತಾಳೆ? ಐವತ್ತು ಅಥವಾ ನೂರು ಕೋಳಿಗಳಿಗೆ ಸಾಲುವ ಸೀಸೆ, ಹನಿ ಹಾಕುವ ಮುಚ್ಚಳ, ಊರಿನಲ್ಲೇ ಇರುವ ತರಬೇತಾದ ಒಬ್ಬ ಮಹಿಳೆ ಈ ಮೂರೂ ಸೇರಿದರೆ ಮಾತ್ರ ಹಿತ್ತಲವರೆಗೆ ಲಸಿಕೆ ನಡೆದು ಬರುತ್ತದೆ.

ಅನುಮತಿ ಮತ್ತು ಹೊಲಮನೆಯ ಪ್ರಯೋಗ

ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ, ಕುಲಾಂತರಿ ವೈರಸ್ಸಾದರೆ ಜೈವಿಕ ಸುರಕ್ಷತಾ ಸಮಿತಿಯಿಂದ ಆರಂಭಿಸಿ ಮೇಲಿನ ಹಂತಗಳ ಒಪ್ಪಿಗೆ, ತಯಾರಿಕೆಗೆ ಔಷಧ ನಿಯಂತ್ರಕರ ಪರವಾನಗಿ ಬೇಕು. ಈ ಕಡತಗಳನ್ನು ಕೊನೆಯಲ್ಲಿ ತೆರೆಯದೆ ಬೀಜ ವೈರಸ್ಸಿನ ಮೊದಲ ದಾಖಲೆಯಿಂದಲೇ ಕಟ್ಟುತ್ತಾ ಬನ್ನಿ, ಏಕೆಂದರೆ ತಳಿಯ ಮೂಲ ಮತ್ತು ಅದನ್ನು ಎಷ್ಟು ಬಾರಿ ಬೆಳೆಸಲಾಗಿದೆ ಎಂಬ ಲೆಕ್ಕ ಒಮ್ಮೆ ತಪ್ಪಿದರೆ ಮತ್ತೆ ಸಿಗುವುದಿಲ್ಲ.

ಹೊಲಮನೆಯ ಪ್ರಯೋಗಕ್ಕೆ ಬೇಸಿಗೆಯ ಆರಂಭವನ್ನೇ ಆರಿಸಿ. ಕೆಲವು ಹಳ್ಳಿಗಳಿಗೆ ಈಗಿರುವ ಲಸಿಕೆ, ಕೆಲವಕ್ಕೆ ಹೊಸದು ಎಂದು ಚೀಟಿ ಎತ್ತಿ ನಿರ್ಧರಿಸಿ. ಯಾವ ಹಳ್ಳಿಯನ್ನೂ ಲಸಿಕೆಯಿಲ್ಲದೆ ಬಿಡಬೇಡಿ. ಹನಿ ಹಾಕುವವರು ನಿಮ್ಮ ಪ್ರಯೋಗಾಲಯದ ಸಿಬ್ಬಂದಿ ಆಗದೆ ಆ ಊರಿನವರೇ ಆಗಿರಲಿ. ಮೂರು ವಾರಗಳ ನಂತರ ಪ್ರತಿ ಹಳ್ಳಿಯ ಹಲವು ಮನೆಗಳಿಂದ ರಕ್ತ ತೆಗೆದು, ಎಚ್‌ಐ ಪರೀಕ್ಷೆಯಲ್ಲಿ 16 ಅಥವಾ ಅದಕ್ಕೂ ಮೇಲಿನ ಮಟ್ಟ ಎಷ್ಟು ಕೋಳಿಗಳಲ್ಲಿದೆ ಎಂದು ಎಣಿಸಿ. ಆ ಸಂಖ್ಯೆ ಶೇ. 85ಕ್ಕಿಂತ ಕಡಿಮೆ ಬಂದರೆ ಜೀನೋಟೈಪನ್ನು ದೂರುವ ಮೊದಲು ಸೀಸೆ ಕರಗಿಸಿದ ಹೊತ್ತು, ಅದನ್ನು ಇಟ್ಟ ಜಾಗದ ತಾಪಮಾನ, ಹನಿ ಕಣ್ಣೊಳಗೆ ಇಳಿಯುವವರೆಗೆ ಕೋಳಿಯನ್ನು ಹಿಡಿದಿದ್ದರೇ ಎಂಬುದು, ಸಂಜೆ ಗೂಡಿಗೆ ಬಾರದೆ ಮರದ ಮೇಲೆ ಕುಳಿತು ತಪ್ಪಿಸಿಕೊಂಡ ಕೋಳಿಗಳ ಲೆಕ್ಕ ಇವುಗಳನ್ನು ಮನೆಮನೆಗೂ ಹೋಗಿ ಕೇಳಿ ಬರೆದುಕೊಳ್ಳಿ.